ಒಂದು ಕರೆಯನ್ನು ನಾನು ಮೂರು ಮಾಡಿದ್ದು

ದೇಶವೇ ಅತ್ತ ಸಂಗತಿಯ ಮೇಲೆ ಇಷ್ಟು ಬೇಗ ಸಿನಿಮಾ ಮಾಡಬಹುದಾ ಎಂಬ ಮಾತು ಎಲ್ಲಾದರೂ ಬಂದರೆ ನಾನು ಎದ್ದು ಆಚೆ ಹೋಗುತ್ತೇನೆ. ಉತ್ತರ ಗೊತ್ತಿಲ್ಲದೆ ಅಲ್ಲ. ನನ್ನ ಉತ್ತರದೊಳಗೆ ಒಬ್ಬ ತಾಯಿ, ಒಬ್ಬ ಮಗಳು ಇದ್ದಾರೆ. ಅವರಿಗೆ ನಾನು ಮಾಡಿದ್ದನ್ನು ಹೇಳದೆ ಉತ್ತರ ಹೇಳಲು ಬರುವುದಿಲ್ಲ. ಈ ಸಲ ಇಬ್ಬರನ್ನೂ ಕೇಳಿಕೊಂಡೇ ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ ಎಂದರು, ಬರೆದಿಲ್ಲ.

ಕೊರೊನಾದ ಎರಡನೇ ಅಲೆ ಇಳಿದು ವರ್ಷ ತುಂಬಿರಲಿಲ್ಲ. ಬೆಂಗಳೂರಿನ ನಿರ್ದೇಶಕರೊಬ್ಬರು ಅದರ ಮೇಲೆ ಸಿನಿಮಾಕ್ಕೆ ಕೈ ಹಾಕಿದರು. ಕಥೆ ನಡೆಯುವುದು ಮಂಡ್ಯ ಸೀಮೆಯಲ್ಲಿ. ನನಗೆ ಕೊಟ್ಟ ಕೆಲಸ ಎರಡು. ಮೊದಲು ಸತ್ತವರ ಮನೆಗಳಿಗೆ ಹೋಗಿ ಏನೇನು ನಡೆಯಿತು ಎಂದು ಕೇಳಿ ಬರೆದುಕೊಂಡು ಬರಬೇಕು. ಆಮೇಲೆ ಸಂಭಾಷಣೆಯನ್ನು ನಮ್ಮ ಕಡೆಯ ಮಾತಿನಲ್ಲಿ ಬರೆದು ನಟರ ನಾಲಿಗೆಗೆ ಕೂರಿಸಬೇಕು. ಟೈಟಲ್ ಕಾರ್ಡಿನಲ್ಲಿ ಸಂಭಾಷಣೆ ಎಂದು ನನ್ನೊಬ್ಬನ ಹೆಸರೇ ಬರುತ್ತದೆ ಎಂದು ಮಾತು ಕೊಟ್ಟಿದ್ದರು.

ಅದು ನನಗೆ ಸಣ್ಣ ಮಾತಲ್ಲ. ನಮ್ಮದು ದುದ್ದದ ಕಡೆಯ ಊರು. ಅಪ್ಪ ನಾಲೆಯ ನೀರು ತಿರುಗಿಸುವ ಸೌಡಿ, ಹೆಬ್ಬೆಟ್ಟಿನವರು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಕಬ್ಬಿನ ಲಾರಿಯ ಕ್ಲೀನರ್ ಆಗಿ ದುಡಿದು ಬಿಎ ಕಟ್ಟಿದೆ, ಹಾಸ್ಟೆಲಿನ ಮುದ್ದೆ ತಿಂದು ಎಂಎ ಮುಗಿಸಿದೆ. ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ. ಆ ಹೆಮ್ಮೆಯೇ ಈ ಕೆಲಸದಲ್ಲಿ ನನ್ನ ಕೈ ಹಿಡಿದು ನಡೆಸಿತು ಎನ್ನುವುದು ಮಾತ್ರ ಆಮೇಲೆ ತಿಳಿಯಿತು.

“ಸ್ವಲ್ಪ ಬೇಗ ಆಯ್ತೇನೋ ಸಾರ್” ಎಂದು ಶುರುವಿನಲ್ಲಿ ಒಮ್ಮೆ ಕೇಳಿದ್ದೆ.

“ತಡ ಮಾಡಿದ್ರೆ ಜನ ಮರೆತುಬಿಡ್ತಾರೆ ಕಣೋ. ಹಸಿ ಇದ್ದಾಗಲೇ ಹಿಡೀಬೇಕು” ಎಂದರು. ಹಸಿ ಎಂಬ ಮಾತು ನನಗೆ ಹಿಡಿಸಿತು. ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಂಡೆ.

ಆ ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೂ ಒಂದು ಹಾಳೆ. ಜ್ವರ ಬಂದ ದಿನ, ಕರೆದುಕೊಂಡು ಹೋದ ಗಾಡಿ, ವಾರ್ಡಿನಲ್ಲಿ ಇದ್ದ ದಿನಗಳು, ಮಣ್ಣು ಮಾಡಿದ್ದು ಎಲ್ಲಿ, ಯಾರು ನೋಡಿದರು. ಕೊನೆಯ ಕಾಲಂ ‘ಕೊನೆಯ ಮಾತು’. ನಿರ್ದೇಶಕರಿಗೆ ಬೇಕಿದ್ದದ್ದು ಅದೇ. ಉಳಿದದ್ದೆಲ್ಲ ತುಂಬುತ್ತಿತ್ತು, ಅದೊಂದು ಖಾಲಿ ಉಳಿಯುತ್ತಿತ್ತು.

ಮೊದಲ ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ಕೆರಗೋಡಿನ ಟೀ ಅಂಗಡಿಯಲ್ಲಿ ಒಬ್ಬ ಯಜಮಾನರು ನನ್ನನ್ನು ಹಿಡಿದು ನಿಲ್ಲಿಸಿದರು.

“ಏನ್ಲಾ, ಸತ್ತೋರ ಲಿಸ್ಟ್ ಇಟ್ಕಂಡು ಓಡಾಡ್ತಾ ಇದ್ದೀಯಂತೆ. ಯಾವ್ ಆಪೀಸು ನಿಂದು?”

“ಆಪೀಸಲ್ಲ ಕಣಣ್ಣ, ಸಿನಿಮಾದೋನು.”

“ಓಹೋ! ನಾವು ಉಸ್ರಿಲ್ದೆ ಸಾಯದು, ನೀವು ಟಿಕೆಟ್ ಮಾರದು. ಚೆನ್ನಾಗೈತೆ ಬುಡು. ಈರೋಯಿನ್ನು ಯಾರ್ಲಾ? ಅವ್ಳೂ ಸಾಯ್ತಾಳಾ, ಇಲ್ಲ ಮಾಸ್ಕ್ ಹಾಕ್ಕಂಡೇ ಡ್ಯಾನ್ಸ್ ಮಾಡ್ತಾಳಾ?”

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾರನೆಯ ದಿನದಿಂದ ಸಿನಿಮಾ ಎಂಬ ಮಾತನ್ನು ಮೊದಲಿಗೆ ಎತ್ತುವುದು ಬಿಟ್ಟೆ. “ಎಂಎ ಮಾಡಿದೀನಿ, ಈ ವಿಷಯ ಬರೀತಾ ಇದೀನಿ” ಎನ್ನುತ್ತಿದ್ದೆ. ಸುಳ್ಳಲ್ಲ. ಆದರೆ ಎಂಎ ಎಂದ ಕೂಡಲೇ ನಮ್ಮಂಥವರ ಮನೆಗಳಲ್ಲಿ ಚಾಪೆ ಹಾಸುತ್ತಾರೆ ಎಂದು ನನಗೆ ಗೊತ್ತಿತ್ತು.

ಹಾಗೆ ಚಾಪೆ ಹಾಸಿದವರಲ್ಲಿ ಒಬ್ಬರು ಚಿಕ್ಕರಸಿನಕೆರೆ ದಾಟಿ ಹೋಗುವ ಒಂದು ಊರಿನ ಅಕ್ಕ. ಅವರ ಗಂಡ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡ್ ಮಾಡುತ್ತಿದ್ದವರು. ಒಬ್ಬಳೇ ಮಗಳು, ಆಗ ಐದನೇ ಕ್ಲಾಸು. ಗಂಡ ವಾರ್ಡಿಗೆ ಸೇರಿ ಆರನೇ ದಿನಕ್ಕೆ ತೀರಿಕೊಂಡರು. ಮುಖವನ್ನೂ ತೋರಿಸಲಿಲ್ಲ. ನಾಲೆ ಏರಿಯ ಮೇಲೆ ನಿಂತು ದೂರದಿಂದ ನೋಡಿದ್ದಷ್ಟೇ. ಮೂರನೇ ದಿನ ಸಮಾಧಿಗೆ ಹಾಲು ತುಪ್ಪ ಬಿಡಲೂ ಹೋಗಲಾಗಲಿಲ್ಲ, ಮನೆಗೆ ಟೇಪು ಕಟ್ಟಿದ್ದರು.

ಮೂರು ಸಲ ಹೋದೆ. ಮೊದಲ ಸಲ ಆಂಬುಲೆನ್ಸಿನ ಮಾತು. ಎರಡನೇ ಸಲ ಮಣ್ಣು ಮಾಡಿದ ಮಾತು. ಮೂರನೇ ಸಲ ಹೋದಾಗ ಅವರು ಹಸು ಕಟ್ಟುತ್ತಿದ್ದರು. ನೋಟ್‌ಬುಕ್ ಮುಚ್ಚಿ ಹಗ್ಗ ಹಿಡಿದುಕೊಂಡೆ. ಆಗ ಹೇಳಿದರು.

“ಒಂದ್ ಮಾತು ಯೋಳ್ತೀನಿ, ಬರ್ಕಬ್ಯಾಡ.”

“ಇಲ್ಲ ಯೋಳಕ್ಕ.”

“ಕೊನೇ ದಿಸ ಸಂಜೆ ಅವ್ರು ಫೋನ್ ಮಾಡಿದ್ರು ಕಣಪ್ಪ. ನಾನು ಡೇರಿಗೆ ಆಲು ಆಕಕ್ಕೆ ಓಗಿದ್ದೆ. ಫೋನು ಮಗಳ ಕೈಲಿತ್ತು. ವಸತಿ ಶಾಲೆ ಪರೀಕ್ಸೆ ಐತೆ ಅಂತ ಮೇಷ್ಟ್ರು ಫೋನಲ್ಲೇ ಪಾಠ ಮಾಡೋರು. ಯಾರ ಫೋನ್ ಬಂದ್ರೂ ಪಾಠ ನಿಂತೋಯ್ತದೆ ಅಂತ ಕಟ್ ಮಾಡೋಳು, ಯಾರ್ದು ಅಂತಾನೂ ನೋಡ್ತಿರ್ನಿಲ್ಲ. ನಾನು ಬಂದು ನೋಡ್ತೀನಿ, ಅವ್ರ ನಂಬ್ರು. ತಿರುಗಿ ಮಾಡುದ್ರೆ ಎತ್ನಿಲ್ಲ. ಆಮೇಲೆ ಎತ್ತಕ್ಕೆ ಅವ್ರೇ ಇರ್ನಿಲ್ಲ.”

ಹಸು ಬಾಲ ಬೀಸಿತು. ಅಕ್ಕ ಅದರ ಬೆನ್ನಿಗೆ ಕೈ ಇಟ್ಟರು.

“ಅವ್ಳಿಗೆ ಗೊತ್ತಿಲ್ಲ. ನಾನು ಆ ನಂಬ್ರು ಅಳಿಸ್ಬುಟ್ಟೆ. ಗೊತ್ತಾದ್ರೆ ಓದ್ತಾಳಾ ಅವ್ಳು? ‘ಮೇಡಮ್ಮಾರೆ, ಮೇಡಮ್ಮಾರೆ’ ಅಂತ ತಲೆ ಮ್ಯಾಲೆ ಕೂರ್ಸ್ಕಂಡಿದ್ರು ಅವ್ರು. ಅದ್ಕೇ ಬರ್ಕಬ್ಯಾಡ ಅಂದಿದ್ದು.”

“ಇಲ್ಲ ಕಣಕ್ಕ, ನನ್ನ ಬಾಯಿಂದ ಆಚೆ ಬರಾಕಿಲ್ಲ” ಎಂದೆ.

ಬಾಯಿಂದ ಬರಲಿಲ್ಲ, ನಿಜ. ಮದ್ದೂರಿನ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ ಕೂತು ಬರೆದೆ. ಇಳಿಯುವಷ್ಟರಲ್ಲಿ ದೃಶ್ಯ ಸಿದ್ಧವಾಗಿತ್ತು. ಬಸ್ ಸ್ಟ್ಯಾಂಡಿನಲ್ಲೇ ನಿಂತು ಇನ್ನೊಮ್ಮೆ ಓದಿದೆ. ಅಳುಕಿನಿಂದ ಎಂದು ಹೇಳಿಕೊಳ್ಳಬಹುದು, ಆದರೆ ಅಲ್ಲ. ಒಳ್ಳೆಯದನ್ನು ಬರೆದೆ ಎಂಬ ಖುಷಿ.

ಇನ್ನೊಂದನ್ನೂ ಹೇಳಬೇಕು. ನಡೆದದ್ದು ಒಂದು ಕರೆ. ನಾನು ಬರೆದದ್ದು ಮೂರು. ಒಂದು ಸಲ ಕಟ್ ಮಾಡಿದರೆ ನೋಡುವವನಿಗೆ ಮರೆತುಹೋಗುತ್ತದೆ, ಎರಡನೇ ಸಲಕ್ಕೆ ಸಂಶಯ ಬರುತ್ತದೆ, ಮೂರನೇ ಸಲಕ್ಕೆ ಎದೆ ಒಡೆಯುತ್ತದೆ ಎಂದು ಲೆಕ್ಕ ಹಾಕಿದವನು ನಾನೇ. ನಿರ್ದೇಶಕರು ಹೇಳಿದ್ದಲ್ಲ. ಅವರು ಓದಿ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. “ಸಿನಿಮಾ ಸಿಕ್ತು” ಎಂದರು. ನನಗೆ ಅವತ್ತು ನಿದ್ದೆಯೂ ಚೆನ್ನಾಗಿ ಬಂತು.

ಮನಸ್ಸಿಗೆ ಸಮಾಧಾನ ಹೇಳಲು ಒಂದಿಷ್ಟು ಬದಲಿಸಿದೆ. ಊರು ಬೇರೆ ಮಾಡಿದೆ, ಎಳನೀರು ಲೋಡ್ ಮಾಡುವವನನ್ನು ಆಟೋ ಓಡಿಸುವವನನ್ನಾಗಿ ಮಾಡಿದೆ. ಡೇರಿ ಹೋಗಿ ನ್ಯಾಯಬೆಲೆ ಅಂಗಡಿ ಬಂತು. ಆದರೆ ‘ಮೇಡಮ್ಮಾರೆ’ ಎಂಬ ಮಾತನ್ನು ಬಿಡಲು ಮನಸ್ಸು ಬರಲಿಲ್ಲ. ಅಂಥ ಮಾತು ಕೂತು ಯೋಚಿಸಿದರೆ ಹುಟ್ಟುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡವನೂ ನಾನೇ. ‘ನಮ್ಮ ಕುಟುಂಬದ ಅನುಭವಗಳನ್ನು ಚಿತ್ರಕ್ಕೆ ಬಳಸಿಕೊಳ್ಳಲು ಒಪ್ಪಿಗೆಯಿದೆ’ ಎಂದಿತ್ತು. ಸಿನಿಮಾಕ್ಕೆ ಎಂದು ಆಗ ತಿಳಿಸಿ, ಎರಡು ಸಾಲು ಓದಿ ಹೇಳಿ, “ಇಲ್ಲಿ ಆಕು ಅಕ್ಕ” ಎಂದು ಬೆರಳು ತೋರಿಸಿದೆ. ಅವರು ಹೆಸರಿನ ಒಂದೊಂದು ಅಕ್ಷರವನ್ನೂ ನಿಧಾನ ತಿದ್ದಿದರು.

ಚಿತ್ರೀಕರಣ ಮಳವಳ್ಳಿಯ ಹತ್ತಿರ. ಮುಚ್ಚಿಹೋಗಿದ್ದ ಛತ್ರವೊಂದನ್ನು ವಾರ್ಡು ಮಾಡಿದ್ದರು. ಸ್ವಲ್ಪ ಆಚೆಗೆ, ಪಾಳು ಬಿದ್ದ ಜಮೀನಿನಲ್ಲಿ ಮಣ್ಣು ಮಾಡುವ ದೃಶ್ಯ. ಕಲಾ ವಿಭಾಗದವರು ತಂದ ಸಿಲಿಂಡರುಗಳು ಪೂರ್ತಿ ಕಪ್ಪಗಿದ್ದವು. ಆಸ್ಪತ್ರೆಯದಕ್ಕೆ ಕುತ್ತಿಗೆ ಬಿಳಿ ಇರಬೇಕು ಎಂದು ಹೇಳಿ ಬಳಿಸಿದೆ. ಇಂಥ ಸಣ್ಣ ಸತ್ಯಗಳಿಗೆ ನಾನು ಬಹಳ ನಿಷ್ಠ.

ಅಕ್ಕನೇ ಫೋನ್ ಮಾಡಿ ಕೇಳಿದರು. “ಮಣ್ ಮಾಡೋದ ತೆಗೆಯೋ ದಿಸ ನಾನು ಬರ್ಲಾ? ಅವತ್ತು ದೂರದಿಂದ ನೋಡ್ದೆ. ಅತ್ರದಿಂದ ಎಂಗ್ ಮಾಡುದ್ರೋ ಏನೋ, ಒಂದ್ಸಲ ನೋಡ್ಬೇಕು.”

ಫೋನಿನ ದೃಶ್ಯ ಅದರ ಮಾರನೆಯ ದಿನಕ್ಕಿತ್ತು. ಹಾಗಾಗಿ ಭಯವಿಲ್ಲ ಎಂದುಕೊಂಡು ಬನ್ನಿ ಎಂದೆ. ತಾಯಿ ಮಗಳು ಇಬ್ಬರೂ ಬಸ್ಸಿನಲ್ಲಿ ಬಂದರು. ಮಗಳನ್ನು ಹೊಂಗೆ ಮರದ ನೆರಳಿನಲ್ಲಿ, ಬಾಲನಟಿ ಕೂತಿದ್ದ ಕಡೆ ಕೂರಿಸಿದೆ. ಬೆಂಗಳೂರಿನ ಹುಡುಗಿ ಅದು, ಇವಳದೇ ವಯಸ್ಸು. ಇಬ್ಬರೂ ಬಿಸ್ಕತ್ತು ಹಂಚಿಕೊಂಡರು. ಅಕ್ಕನನ್ನು ಗುಂಡಿಯ ಹತ್ತಿರ ಕರೆದುಕೊಂಡು ಹೋದೆ.

ಅವರು ತಪ್ಪುಗಳನ್ನು ಒಂದೊಂದಾಗಿ ಹೇಳಿದರು. ಗುಂಡಿ ಇಷ್ಟು ಚೊಕ್ಕ ಇರಲಿಲ್ಲ, ಜೆಸಿಬಿಯ ಹಲ್ಲಿನ ಗುರುತು ಏರಿಯ ಮೇಲಕ್ಕೂ ಕಾಣುತ್ತಿತ್ತು. ಬಿಳಿ ಪುಡಿ ಮೊದಲೇ ಹಾಕಿದ್ದರು, ಆಮೇಲೆ ಅಲ್ಲ. ಹಗ್ಗ ಬಿಡುವಾಗ ಕಿಟ್ ಹಾಕಿದವರಲ್ಲಿ ಒಬ್ಬ ಜಾರಿ ಮಂಡಿಯೂರಿದ, ಅವನನ್ನು ಇನ್ನೊಬ್ಬ ಎತ್ತಿದ. ನಿರ್ದೇಶಕರು ಎಲ್ಲವನ್ನೂ ಹಾಗೇ ಮಾಡಿಸಿದರು. ಮೂರನೇ ಟೇಕಿಗೆ ಸರಿ ಬಂತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಹೆಣದ ಪಾತ್ರದವನ ಚೀಲದ ಜಿಪ್ಪನ್ನು ಮುಖದ ಮೇಲೆ ಎಳೆದಾಗ ಒಂದು ಹೆಜ್ಜೆ ಮುಂದೆ ಹೋದರು.

“ಓಕೆ” ಎಂದಾಯಿತು. ಜಿಪ್ಪು ತೆರೆದು ಯಾರೋ “ನಗು, ನಗು” ಎಂದು ಕೂಗಿದರು. ಹೆಣವಾಗಿದ್ದವನು ಕಣ್ಣು ಬಿಟ್ಟು ಎದ್ದು ಕೂತು, ಕ್ಯಾಮೆರಾ ನೋಡಿಕೊಂಡು ಹಲ್ಲು ಬಿಟ್ಟು ನಕ್ಕ. ಎಲ್ಲರೂ ಚಪ್ಪಾಳೆ ಹೊಡೆದರು. ಇದು ಸಿನಿಮಾದವರ ಪದ್ಧತಿ. ಸತ್ತವನ ಪಾತ್ರ ಮಾಡಿದವನು ಕೊನೆಗೆ ಒಂದು ನಗುವ ಶಾಟ್ ಕೊಟ್ಟೇ ಏಳಬೇಕು. ನಾನು ಎಷ್ಟೋ ಸಲ ನೋಡಿದ್ದೆ. ಅಕ್ಕ ಇದ್ದಾರೆ ಎನ್ನುವುದು ಹೊಳೆಯಲೇ ಇಲ್ಲ.

“ಯಾಕ್ ನಗ್ತಾ ಅವ್ನೆ?” ಎಂದರು.

“ಅಪಶಕುನ ಆಗ್ಬಾರ್ದು ಅಂತ ಕಣಕ್ಕ. ಎಣದ ಪಾತ್ರ ಮಾಡ್ದೋನ ಆಯಸ್ಸಿಗೆ ಕುತ್ತು ಬರ್ಬಾರ್ದು ಅಂತ ನಗಿಸ್ತಾರೆ.”

“ಒಳ್ಳೇದಾಯ್ತು ಬುಡು. ಸುಳ್ ಸುಳ್ಳೇ ಸತ್ತೋನ್ಗೂ ಒಂದ್ ಶಾಸ್ತ್ರ ಮಾಡ್ತೀರಲ್ಲ” ಎಂದರು. ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ತಡೆದುಕೊಳ್ಳಬಹುದಿತ್ತು.

ನೀರು ಕುಡಿಸೋಣ ಎಂದು ಮರದ ಕಡೆಗೆ ಕರೆದುಕೊಂಡು ಬಂದೆ. ಹತ್ತು ಮಾರು ದೂರದಲ್ಲಿರುವಾಗಲೇ ಅಕ್ಕನ ಮಗಳ ದನಿ ಕೇಳಿಸಿತು. ಏನನ್ನೋ ಓದುತ್ತಿದ್ದಳು. ರಾಗ, ಎಳೆತ, ಒತ್ತು ಎಲ್ಲ ಎಷ್ಟು ಚೆನ್ನಾಗಿ ಬರುತ್ತಿದೆ, ಈ ಮಗುವನ್ನೇ ಹಾಕಿಕೊಳ್ಳಬೇಕಿತ್ತು ಎಂದುಕೊಂಡೆ. ನನ್ನ ಮೊದಲ ಯೋಚನೆ ಅದು. ಮುಚ್ಚಿಟ್ಟು ಪ್ರಯೋಜನವಿಲ್ಲ. ಎರಡು ಹೆಜ್ಜೆ ಇಟ್ಟ ಮೇಲೆ ಮಾತುಗಳು ಕಿವಿಗೆ ಬಿದ್ದವು.

“‘ಅಯ್ಯೋ, ಮತ್ತೆ ಬತ್ತಾ ಐತೆ ಫೋನು. ಮೇಷ್ಟ್ರು ಭಿನ್ನರಾಶಿ ಯೋಳ್ಕೊಡ್ತಾವ್ರೆ.’ ಮಗಳು ಎರಡನೇ ಸಲ ಕಟ್ ಮಾಡುತ್ತಾಳೆ. ವಾರ್ಡು. ಅಪ್ಪ ಫೋನ್ ನೋಡಿ ನಗುತ್ತಾನೆ…”

ಆದದ್ದು ಇಷ್ಟೇ. ಬಾಲನಟಿಗೆ ಮಾರನೆಯ ದಿನದ ಸೀನ್ ಪೇಪರ್ ಕೊಟ್ಟಿದ್ದರು. ನಮ್ಮ ಮಾತಿನ ರಾಗ ಅದಕ್ಕೆ ಹಿಡಿಯುತ್ತಿರಲಿಲ್ಲ. ನನ್ನನ್ನು ಹುಡುಕಿದ್ದಾರೆ, ನಾನು ಗುಂಡಿಯ ಹತ್ತಿರ ಇದ್ದೆ. ಸಹಾಯಕ ನಿರ್ದೇಶಕನೊಬ್ಬ, “ಪಕ್ಕದಲ್ಲೇ ಆ ಕಡೆಯ ಹುಡುಗಿ ಇದ್ದಾಳಲ್ಲ, ಅವಳ ಹತ್ರ ಓದಿಸ್ಕೋ” ಎಂದಿದ್ದಾನೆ. ಅವನ ತಪ್ಪಲ್ಲ. ‘ಊರಿನವರ ಬಾಯಿಂದಲೇ ಕಲೀಬೇಕು’ ಎಂದು ಸೆಟ್ಟಿನಲ್ಲಿ ದಿನಾ ಹೇಳುತ್ತಿದ್ದವನು ನಾನೇ.

“‘ಮೇಡಮ್ಮಾರು…’” ಎಂದವಳು ಓದು ನಿಲ್ಲಿಸಿದಳು. ಮುಂದಿನ ಸಾಲುಗಳನ್ನು ಕಣ್ಣಲ್ಲೇ ಓದಿದಳು. ಹಾಳೆ ತಿರುಗಿಸಿ ಮೊದಲಿನಿಂದ ಮತ್ತೆ ನೋಡಿದಳು.

“ಆಮೇಲೆ? ಓದು” ಎಂದಿತು ಬಾಲನಟಿ.

ಅವಳು ತಾಯಿಯನ್ನು ನೋಡಿ ಎದ್ದು ನಿಂತಳು. “ಅವ್ವ, ಅವತ್ತು ಅಪ್ಪ ಫೋನ್ ಮಾಡಿತ್ತಾ?”

ಅಕ್ಕ ನನ್ನ ಕಡೆ ತಿರುಗಿದರು. ಬಯ್ಯುತ್ತಾರೆ ಎಂದುಕೊಂಡೆ. “ಬರ್ಕಬ್ಯಾಡ ಅಂದಿದ್ನಲ್ಲಪ್ಪ” ಎಂದರು, ಅಷ್ಟೇ. ಮಗಳ ರಟ್ಟೆ ಹಿಡಿದು “ನಡಿ, ಬಸ್ ಒಂಟೋಯ್ತದೆ” ಎಂದು ರಸ್ತೆಯ ಕಡೆ ಹೊರಟರು. ಹಾಳೆ ಹುಡುಗಿಯ ಕೈಯಲ್ಲೇ ಇತ್ತು. ಕಿತ್ತುಕೊಳ್ಳಲು ನನಗೆ ಯಾವ ಮುಖ?

ಊಟದ ಹೊತ್ತಿಗೆ ನಿರ್ದೇಶಕರ ಬಳಿ ಹೋದೆ. ತಟ್ಟೆ ಹಿಡಿದು ಮಾನಿಟರಿನ ಮುಂದೆ ಕೂತಿದ್ದರು.

“ನಾಳೆ ಸೀನು ಬೇಡ ಸಾರ್.”

“ಯಾಕೆ? ಅದೇ ಅಲ್ವೇನೋ ನಮ್ಮ ಸಿನಿಮಾ?”

“ಆಯಮ್ಮ ಬರೀಬೇಡ ಅಂದಿದ್ರು. ನಾನು ಬರೆದೆ.”

“ಸಹಿ ಇದೆಯಲ್ಲ.”

“ಸಹಿ ಇದೆ ಸಾರ್. ಆ ಮಾತಿಗೆ ಒಪ್ಪಿಗೆ ಇಲ್ಲ.”

ಅವರು ತುತ್ತು ನಿಲ್ಲಿಸಿದರು. ನಡೆದದ್ದನ್ನೆಲ್ಲ ಹೇಳಿದೆ, ಒಂದನ್ನು ಮೂರು ಮಾಡಿದ್ದನ್ನೂ ಹೇಳಿದೆ. ಸಂಭಾಷಣೆಯ ಹೆಸರು ಹೋದರೂ ಹೋಗಲಿ, ನಾನು ನಾಳೆ ಆ ಮಾತು ಹೇಳಿಕೊಡುವುದಿಲ್ಲ ಎಂದೆ. ಜಗಳವಾಡುತ್ತಾರೆ ಎಂದು ಸೊಂಟ ಕಟ್ಟಿಕೊಂಡು ಹೋಗಿದ್ದೆ. ಅವರು ಜಗಳವಾಡಲಿಲ್ಲ.

“ಮೂರು ಕರೆ ನಿಜ ಅಂತಲೇ ನಾನು ನಂಬಿದ್ದೆ. ನೀನು ಮನೆಮನೆಗೆ ಹೋಗಿ ಬಂದವನು” ಎಂದರು. ತಟ್ಟೆ ಕೆಳಗಿಟ್ಟರು. “ಆ ಸೀನು ಕೈಬಿಡ್ತೀನಿ. ಆದ್ರೆ ಯಾರಿಗೋಸ್ಕರ ಬಿಡಬೇಕೋ ಅವಳು ಓದಿಬಿಟ್ಟಳಲ್ಲ.”

ಆ ದೃಶ್ಯ ಚಿತ್ರೀಕರಣವಾಗಲಿಲ್ಲ. ಅದರ ಉಳಿದ ಪ್ರತಿಗಳನ್ನೆಲ್ಲ ಹರಿದು ಹಾಕಿದೆವು. ಸಿನಿಮಾ ಬಂತು, ಕೆಲವರು ಅತ್ತರು, ಕೆಲವರು ಇಷ್ಟು ಬೇಗ ಯಾಕೆ ಬೇಕಿತ್ತು ಎಂದರು. ನನ್ನ ಹೆಸರು ಟೈಟಲ್ ಕಾರ್ಡಿನಲ್ಲಿ ಉಳಿಯಿತು. ತೆಗೆಸುವಷ್ಟು ಗಟ್ಟಿ ನಾನಾಗಲಿಲ್ಲ. ಮಂಡ್ಯದ ಟಾಕೀಸಿನಲ್ಲಿ ಪಕ್ಕ ಕೂತ ಅಪ್ಪ, “ಎಲ್ಲೈತ್ಲಾ ನಿನ್ನೆಸ್ರು?” ಎಂದು ಕೇಳುವಷ್ಟರಲ್ಲಿ ಅದು ಹೋಗಿಯಾಗಿತ್ತು.

ಅದಕ್ಕೂ ಮೊದಲು, ಚಿತ್ರೀಕರಣ ಮುಗಿದ ಮೊದಲ ಭಾನುವಾರ, ಅಕ್ಕನ ಮನೆಗೆ ಹೋದೆ. ಕರೆದು ಕೂರಿಸಿದರು, ಚಾಪೆ ಹಾಸಲಿಲ್ಲ. ಜಗಲಿಯ ಮೇಲೆ ಕೂತೆ.

“ಅದ್ನ ತೆಗ್ಸಾಕ್ದೆ ಅಕ್ಕ. ಸಿನಿಮಾದಲ್ಲಿ ಬರಾಕಿಲ್ಲ.”

“ಸಿನಿಮಾ ಯಾವನಿಗ್ ಬೇಕಾಗಿತ್ತಪ್ಪ. ಇವ್ಳು ನೋಡು, ಫೋನ್ ಮುಟ್ಟಾಕಿಲ್ಲ ಅಂತಾಳೆ. ರಿಂಗಾದ್ರೆ ಎದ್ದು ಆಚೆಗೋಯ್ತಾಳೆ. ನೀನೇ ಯೋಳು ಅವ್ಳಿಗೆ. ನನ್ ಮಾತು ನಂಬಾಕಿಲ್ಲ.”

ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಬಾ ಎಂದೆ, ಬಂದಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು ಇಷ್ಟೇ ಹೇಳಿದೆ.

“ಒಂದೇ ಸಲ ಕಣವ್ವ ಮಾಡಿದ್ದು ನಿಮ್ಮಪ್ಪ. ಯಾರ್ದು ಅಂತ ನೀನು ನೋಡೇ ಇರ್ನಿಲ್ಲ. ಮೂರು ಅಂತ ನಾನು ಸೇರ್ಸಿದ್ದು.”

“ಅವ್ವನೂ ಒಂದೇ ಅಂತಾಳೆ” ಎಂದಳು. “ನಾನು ಅಳ್ಬಾರ್ದು ಅಂತ.”

“ಇಲ್ಲ, ನಿಜ್ವಾಗ್ಲೂ ಒಂದೇ.”

“ನಂಗೆ ಈಗ ನೆಪ್ಪಾಯ್ತದೆ ಅಣ್ಣ. ಮೂರು ಸಲ ಬಂದಿತ್ತು. ಮೂರ್ನೇ ಸಲ ನಂಗೆ ಸಿಟ್ಟೂ ಬಂದಿತ್ತು.”

ಆ ಸಿಟ್ಟನ್ನೂ ನಾನೇ ಬರೆದಿದ್ದೆ. ಮೂರನೇ ಸಲ ಮಗಳು ಸಿಟ್ಟಿನಿಂದ ಕಟ್ ಮಾಡುತ್ತಾಳೆ ಎಂದು ಆವರಣದೊಳಗೆ ಹಾಕಿದ್ದೆ. ಹತ್ತು ವರ್ಷದ ಮಗು, ಆ ಸಂಜೆಯ ನೆನಪು ಅವಳಲ್ಲಿ ಇನ್ನೂ ಕೂತಿರಲಿಲ್ಲ. ಕೂರುವ ಮುಂಚೆಯೇ ಆ ಜಾಗದಲ್ಲಿ ನನ್ನದನ್ನು ಕೂರಿಸಿಬಿಟ್ಟಿದ್ದೆ. ಬೇಗ ಎಂದರೆ ಏನು ಎಂದು ನನಗೆ ಅರ್ಥವಾದದ್ದು ಆ ಜಗಲಿಯ ಮೇಲೆ.

“ಆ ಹಾಳೆ ತಗೊಂಡು ಬಾ” ಎಂದೆ. ವಿಜ್ಞಾನದ ಪುಸ್ತಕದೊಳಗಿಂದ ತಂದು ಕೊಟ್ಟಳು. ಬಹಳ ಸಲ ಮಡಚಿ ಬಿಚ್ಚಿ ಮಡಿಕೆಗಳು ತೆಳುವಾಗಿದ್ದವು. ಅದರ ಕೆಳಗೆ ಬರೆದೆ: ‘ಇದರಲ್ಲಿರುವ ಮೂರು ಕರೆ, ಮಗಳ ಸಿಟ್ಟು, ಅಪ್ಪ ಆಡಿದ ಮಾತು ನಾನು ಕಟ್ಟಿದ್ದು. ನಡೆದದ್ದು ಒಂದೇ ಕರೆ. ಯಾರದೆಂದು ಮಗಳಿಗೆ ಗೊತ್ತಿರಲಿಲ್ಲ.’ ಹೆಸರು ಬರೆದು, ಪಕ್ಕದಲ್ಲಿ ಎಂಎ ಎಂದೂ ಹಾಕಿ ಸಹಿ ಮಾಡಿದೆ. ಅದು ಇದ್ದರೆ ನಂಬುತ್ತಾಳೇನೋ ಎಂದು.

ಅವಳು ನಿಂತುಕೊಂಡೇ ಎರಡು ಸಲ ಓದಿದಳು. ಒಳಗೆ ಅಕ್ಕ ಒಲೆಯ ಮುಂದೆ ಇದ್ದರು. ಅವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹುಡುಗಿ ಕೇಳಿದಳು:

“ಅವ್ವ ಯೋಳಿ ಬರೆಸ್ಕಂಡ್ಲಾ ಅಣ್ಣ?”